ಸ್ಟೈರೀನ್ ಸೋರಿದ ಮೇಲೆ ಊರವರೇ ಗಾಳಿ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಊರಿನಿಂದ ಮುಕ್ಕಾಲು ಕಿಲೊಮೀಟರ್ ದೂರದಲ್ಲಿ ಫೈಬರ್ ರೆಸಿನ್ ತಯಾರಿಸುವ ಕಾರ್ಖಾನೆಯಿದೆ. ಎರಡು ವಾರದ ಹಿಂದೆ ಒಂದು ರಾತ್ರಿ ಅಲ್ಲಿನ ಸ್ಟೈರೀನ್ (ರೆಸಿನ್ ಕೆಲಸಕ್ಕೆ ಬಳಸುವ, ಆವಿಯಾಗುವ ದ್ರವ) ಟ್ಯಾಂಕಿನಿಂದ ಆವಿ ಸೋರಿತು. ಮರುದಿನ ಅಧಿಕಾರಿಗಳು ಒಂದು ಮೀಟರ್ ಹಿಡಿದು ಊರು ಸುತ್ತಿ ‘ಏನೂ ಇಲ್ಲ’ ಎಂದು ಹೇಳಿ ಹೋದರು. ಮೊಬೈಲ್ ಆ್ಯಪ್‌ನಲ್ಲಿ ಎಕ್ಯುಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 60ರ ಆಸುಪಾಸಿನಲ್ಲೇ ಇದೆ. ಆದರೆ ಕೆಲವು ರಾತ್ರಿ ಈಗಲೂ ಪ್ಲಾಸ್ಟಿಕ್ಕಿನಂಥ ಘಾಟು ಬರುತ್ತದೆ, ಮಕ್ಕಳಿಗೆ ಕಣ್ಣುರಿ, ತಲೆನೋವು. ಯುವಕ ಸಂಘದಲ್ಲಿ 40,000 ರೂಪಾಯಿ ಕೂಡಿಸಿದ್ದೇವೆ. ಯಾವ ಮೀಟರ್ ಕೊಳ್ಳಬೇಕು? ನಾವು ಅಳೆದದ್ದನ್ನು ಯಾರಾದರೂ ಒಪ್ಪುತ್ತಾರೆಯೇ?

ಉತ್ತರ: ಸದ್ಯಕ್ಕೆ ಯಾವ ಮೀಟರನ್ನೂ ಕೊಳ್ಳಬೇಡಿ. ನಿಮ್ಮಲ್ಲಿರುವ ಹಣಕ್ಕೆ ಸಿಗುವ ಮೀಟರ್‌ಗಳು ನಿಮ್ಮ ಮೂಗಿಗಿಂತ ಮಂದ. ಆ ಹಣ ಗಾಳಿಯಲ್ಲಿನ ಆವಿಯನ್ನು ಹಿಡಿದಿಡುವ ಇದ್ದಿಲು ಕೊಳವೆಗಳಿಗೆ, ಬಾಡಿಗೆಯ ಪಂಪಿಗೆ ಮತ್ತು ಪ್ರಯೋಗಾಲಯದ ಶುಲ್ಕಕ್ಕೆ ಹೋಗಲಿ. ಅದಕ್ಕೂ ಮುಂಚೆ ಖರ್ಚಿಲ್ಲದ ಒಂದು ಕೆಲಸವಿದೆ: ವಾಸನೆಯ ದಾಖಲೆ ಪುಸ್ತಕ. ಏಕೆ ಎಂಬುದನ್ನು ವಿವರವಾಗಿ ಹೇಳುತ್ತೇವೆ, ಏಕೆಂದರೆ ‘ಏನೂ ಇಲ್ಲ’ ಎಂಬ ಮಾತಿಗೆ ಉತ್ತರ ಕೊಡಬೇಕಾದರೆ ಅದು ಯಾವ ಯಂತ್ರದಿಂದ ಬಂದ ಮಾತು ಎಂಬುದು ನಿಮಗೆ ಗೊತ್ತಿರಬೇಕು.

ಮೊದಲು ಎಕ್ಯುಐ ವಿಷಯ. ನಮ್ಮ ದೇಶದ ಎಕ್ಯುಐ ಲೆಕ್ಕದಲ್ಲಿ ಇರುವುದು ಎಂಟು ಅಂಶಗಳು: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಜೋನ್, ಅಮೋನಿಯಾ ಮತ್ತು ಸೀಸ. 2009ರ ರಾಷ್ಟ್ರೀಯ ಪರಿವೇಷಕ ಗಾಳಿ ಮಾನದಂಡದಲ್ಲಿ ಹನ್ನೆರಡು ಅಂಶಗಳಿವೆ, ಬೆಂಜೀನ್ ಕೂಡ ಸೇರಿದೆ. ಆದರೆ ಸ್ಟೈರೀನ್ ಇಲ್ಲ, ಕ್ಲೋರಿನ್ ಇಲ್ಲ, ಹೈಡ್ರೋಜನ್ ಸಲ್ಫೈಡ್ ಇಲ್ಲ. ಊರಿನ ಮೇಲೆ ಸ್ಟೈರೀನ್ ಮೋಡ ಕವಿದು ನಿಂತಿದ್ದರೂ ಆ್ಯಪ್ 60 ಎಂದೇ ತೋರಿಸಬಹುದು. ಆ್ಯಪ್ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಸ್ಟೈರೀನ್ ಕಾಣುವುದೇ ಇಲ್ಲ. ಅದರ ಮೇಲೆ ಆ ಅಂಕಿ ಬರುವ ಕೇಂದ್ರ ನಿಮ್ಮ ಊರಿನಿಂದ ಎಷ್ಟು ದೂರದಲ್ಲಿದೆ ಎಂದೂ ನೋಡಿ.

ಇನ್ನು ಅಧಿಕಾರಿಗಳ ಕೈಯಲ್ಲಿದ್ದ ಮೀಟರ್. ಅದು ಬಹುಶಃ ಎರಡರಲ್ಲಿ ಒಂದು. ಮೊದಲನೆಯದು ನಾಲ್ಕು ಅನಿಲದ ಮೀಟರ್: ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮತ್ತು ಹೊತ್ತಿಕೊಳ್ಳುವ ಅನಿಲ. ಇದರಲ್ಲಿ ಸ್ಟೈರೀನಿಗೆ ಸಂಬಂಧಪಟ್ಟದ್ದು ಕೊನೆಯದು ಮಾತ್ರ, ಅದು ಹೊತ್ತಿಕೊಳ್ಳುವ ಕನಿಷ್ಠ ಮಟ್ಟದ ಶೇಕಡಾವಾರನ್ನು ತೋರಿಸುತ್ತದೆ. ಸ್ಟೈರೀನಿನ ಕನಿಷ್ಠ ಮಟ್ಟ ಗಾಳಿಯ ಶೇ 0.9, ಅಂದರೆ 9,000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 9,000 ಭಾಗ). ಅದರ ಶೇ 1 ಎಂದರೆ 90 ಪಿಪಿಎಂ. ಪರದೆಯ ಮೇಲೆ ‘0’ ಇದ್ದಾಗ ಗಾಳಿಯಲ್ಲಿ ಹತ್ತಾರು ಪಿಪಿಎಂ ಇರಲು ಸಾಧ್ಯ. ಬೆಂಕಿ ಹೊತ್ತಿಕೊಳ್ಳುವ ಅಪಾಯ ಇಲ್ಲ ಎಂದು ಹೇಳಲು ಈ ಮೀಟರ್ ಸಾಕು, ಮಕ್ಕಳು ಉಸಿರಾಡಬಹುದು ಎಂದು ಹೇಳಲು ಸಾಲದು.

ಎರಡನೆಯದು ಪಿಐಡಿ, ಅಂದರೆ ಅತಿನೇರಳೆ ದೀಪದಿಂದ ಆವಿಯ ಕಣಗಳನ್ನು ಅಯಾನುಗಳಾಗಿ ಒಡೆದು ಎಣಿಸುವ ಯಂತ್ರ. ಇದು ಸ್ಟೈರೀನಿಗೆ ಯೋಗ್ಯವಾದದ್ದೇ. ಸಾಮಾನ್ಯವಾಗಿ ಇದರಲ್ಲಿ 10.6 ಎಲೆಕ್ಟ್ರಾನ್ ವೋಲ್ಟಿನ ದೀಪ ಇರುತ್ತದೆ, ಸ್ಟೈರೀನ್ ಅಯಾನಾಗಲು ಸುಮಾರು 8.4 ಸಾಕು. ಆದರೆ ಯಂತ್ರವನ್ನು ಐಸೊಬ್ಯುಟಿಲೀನ್ ಅನಿಲಕ್ಕೆ ಹೊಂದಿಸಿರುತ್ತಾರೆ, ಹಾಗಾಗಿ ಪರದೆಯ ಅಂಕಿಯನ್ನು 0.4ರಿಂದ ಗುಣಿಸಿದರೆ ಸ್ಟೈರೀನ್ ಅಂಕಿ ಸಿಗುತ್ತದೆ. ಪರದೆ 10 ಎಂದರೆ ಸ್ಟೈರೀನ್ 4 ಪಿಪಿಎಂ. ಇದೂ ಗಾಳಿಯಲ್ಲಿರುವುದು ಸ್ಟೈರೀನ್ ಒಂದೇ ಎಂದು ನಂಬಿದರೆ ಮಾತ್ರ. ಪಕ್ಕದಲ್ಲಿ ಬೈಕ್ ನಿಂತಿದ್ದರೆ ಪೆಟ್ರೋಲಿನ ಆವಿಯನ್ನೂ ಅದು ಅದೇ ಅಂಕಿಯೊಳಗೆ ಸೇರಿಸಿ ತೋರಿಸುತ್ತದೆ.

ಈಗ ಲೆಕ್ಕ ಮಾಡಿ. ಸಾಧಾರಣ ಪಿಐಡಿ ತೋರಿಸಬಲ್ಲ ಅತಿ ಸಣ್ಣ ಅಂಕಿ 0.1 ಪಿಪಿಎಂ. ಅದು ಸ್ಟೈರೀನಿಗೆ 0.04 ಪಿಪಿಎಂ. 25 ಡಿಗ್ರಿ ಉಷ್ಣತೆಯಲ್ಲಿ ಪಿಪಿಎಂ ಅನ್ನು ಘನ ಮೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬದಲಿಸಲು ಅಣುತೂಕದಿಂದ ಗುಣಿಸಿ 24.45ರಿಂದ ಭಾಗಿಸಬೇಕು, ಸ್ಟೈರೀನಿನ ಅಣುತೂಕ 104.15, ಆದ್ದರಿಂದ 1 ಪಿಪಿಎಂ ಅಂದರೆ 4.26 ಮಿಲಿಗ್ರಾಂ. 0.04 ಪಿಪಿಎಂ ಸುಮಾರು 170 ಮೈಕ್ರೊಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ವಾಸನೆಯ ಕಿರಿಕಿರಿ ತಪ್ಪಿಸಲು ಕೊಟ್ಟಿರುವ ಅರ್ಧ ಗಂಟೆಯ ಮಟ್ಟ 70 ಮೈಕ್ರೊಗ್ರಾಂ. ಅಂದರೆ ನಿಮ್ಮ ಮೂಗಿಗೆ ವಾಸನೆ ಹೊಡೆಯುತ್ತಿರುವಾಗಲೂ ಒಳ್ಳೆಯ, ಸರಿಯಾಗಿ ಹೊಂದಿಸಿದ ಪಿಐಡಿ ‘0.0’ ಎಂದೇ ತೋರಿಸಬಹುದು. ಅಧಿಕಾರಿ ಪ್ರಾಮಾಣಿಕರು, ಯಂತ್ರವೂ ಸರಿಯಿದೆ, ನಿಮಗೆ ಬಂದ ವಾಸನೆಯೂ ನಿಜ; ಮೂರೂ ಒಟ್ಟಿಗೆ ಇರಬಹುದು. ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು) ಮಟ್ಟ ತೋರಿಸುವ ಪಿಐಡಿಗಳಿವೆ, ಆದರೆ ಅವುಗಳ ಬೆಲೆ ನಿಮ್ಮ ಕೈಗೆ ಎಟುಕುವುದಿಲ್ಲ. ಸಿಕ್ಕರೆ ಒಂದೆರಡು ದಿನಕ್ಕೆ ಬಾಡಿಗೆಗೆ ತನ್ನಿ.

ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಊರಿನಲ್ಲಿ 2023ರಲ್ಲಿ ಇದೇ ಆಯಿತು. ಫೆಬ್ರವರಿ 3ರಂದು ಗೂಡ್ಸ್ ರೈಲು ಹಳಿ ತಪ್ಪಿ 38 ಬೋಗಿಗಳು ಉರುಳಿದವು, 6ರಂದು ಐದು ಬೋಗಿಗಳ ವಿನೈಲ್ ಕ್ಲೋರೈಡನ್ನು ಬೇಕೆಂದೇ ಹೊರಬಿಟ್ಟು ಸುಟ್ಟರು. ಆಮೇಲೆ ಮನೆ ಮನೆಗೆ ಹೋಗಿ ಕೈಮೀಟರ್‌ನಲ್ಲಿ ಅಳೆದು ‘ಪತ್ತೆಯಾಗಿಲ್ಲ’ ಎಂದು ಬರೆದರು. ಅಲ್ಲಿ ಚೆಲ್ಲಿದ್ದ ಇನ್ನೊಂದು ರಾಸಾಯನಿಕ ಬ್ಯುಟೈಲ್ ಅಕ್ರಿಲೇಟ್. ಅದರ ವಾಸನೆ ಮೂಗಿಗೆ ಬರುವ ಮಟ್ಟ ಆ ಮೀಟರ್ ತೋರಿಸುವ ಮಟ್ಟಕ್ಕಿಂತ ಬಹಳ ಕೆಳಗೆ. ಜನ ವಾಸನೆ ಇದೆ ಎನ್ನುತ್ತಿದ್ದರು, ಚೀಟಿಯಲ್ಲಿ ಇಲ್ಲ ಎಂದಿತ್ತು. ಕಾರ್ನೆಗಿ ಮೆಲನ್ ಮತ್ತು ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದವರು ವಾಹನದಲ್ಲಿ ಸೂಕ್ಷ್ಮ ಯಂತ್ರ ಹೊತ್ತು ಬೀದಿ ಬೀದಿ ತಿರುಗಿದಾಗ ಕಣ್ಣು ಮೂಗು ಉರಿಸುವ ಅಕ್ರೋಲೀನ್ ಹೆಚ್ಚಿರುವುದು ಕಂಡುಬಂತು. ‘ಪತ್ತೆಯಾಗಿಲ್ಲ’ ಎಂದು ಯಾರು ಬರೆದುಕೊಟ್ಟರೂ ನೀವು ಕೇಳಬೇಕಾದದ್ದು: ಯಾವ ಯಂತ್ರ, ಅದರ ಪತ್ತೆಮಿತಿ (ಅದಕ್ಕೆ ಕಾಣುವ ಅತಿ ಕಡಿಮೆ ಮಟ್ಟ) ಎಷ್ಟು, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು. ಈ ನಾಲ್ಕು ಇಲ್ಲದ ಚೀಟಿ ಗಾಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ವಾಸನೆಯ ಪುಸ್ತಕ

200 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ಸಾಕು; ಬಿಡಿ ಹಾಳೆ ಬೇಡ, ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ. ಊರಿನ ನಾಲ್ಕು ದಿಕ್ಕಿನಿಂದ ಆರೆಂಟು ಮನೆಯವರು ಬರೆಯಬೇಕು. ಬೆಳಗಿನ ಜಾವ ಏಳುವವರು, ಹಾಲು ಕರೆಯುವವರು, ರಾತ್ರಿ ಗದ್ದೆಗೆ ನೀರು ಬಿಡಲು ಹೋಗುವವರು ಇದಕ್ಕೆ ತಕ್ಕವರು. ಪ್ರತಿ ಸಲ ಬರೆಯಬೇಕಾದದ್ದು: ತಾರೀಖು, ಶುರುವಾದ ಮತ್ತು ನಿಂತ ಹೊತ್ತು, ನಿಂತಿದ್ದ ಜಾಗ, ವಾಸನೆ ಯಾವುದರ ಹಾಗಿತ್ತು, 0ಯಿಂದ 5ರೊಳಗೆ ಎಷ್ಟು ಜೋರು, ಗಾಳಿ ಎಲ್ಲಿಂದ ಬೀಸುತ್ತಿತ್ತು, ದೇಹಕ್ಕೆ ಏನಾಯಿತು, ಸಹಿ. ವಾಸನೆ ಇಲ್ಲದ ದಿನವನ್ನೂ ‘0’ ಎಂದು ಬರೆಯಲೇಬೇಕು. ವಾಸನೆ ಬಂದ ದಿನ ಮಾತ್ರ ಬರೆದ ಪುಸ್ತಕವನ್ನು ಎದುರು ಪಕ್ಷದ ವಕೀಲರು ಹತ್ತು ನಿಮಿಷದಲ್ಲಿ ತಳ್ಳಿಹಾಕುತ್ತಾರೆ.

ವಾಸನೆಗೆ ರಾಸಾಯನಿಕದ ಹೆಸರು ಕೊಡಬೇಡಿ, ಗೊತ್ತಿರುವ ವಸ್ತುವಿನ ಹೆಸರು ಕೊಡಿ. ಫೈಬರ್ ಬಾಗಿಲು ಮಾಡುವ ಶೆಡ್ಡಿನ ವಾಸನೆ ಎಂದರೆ ಸ್ಟೈರೀನ್ ಇರಬಹುದು. ಕೊಳೆತ ಮೊಟ್ಟೆ ಎಂದರೆ ಹೈಡ್ರೋಜನ್ ಸಲ್ಫೈಡ್, ಬ್ಲೀಚಿಂಗ್ ಪೌಡರ್ ಎಂದರೆ ಕ್ಲೋರಿನ್, ನೇಲ್ ಪಾಲಿಶ್ ಎಂದರೆ ಅಸಿಟೋನ್ ಅಥವಾ ಅದರ ಜಾತಿಯ ದ್ರಾವಕ. ತಮಿಳುನಾಡಿನ ಕಡಲೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರು 2004ರಿಂದ ಸಮುದಾಯ ನಿಗಾ ತಂಡ ಕಟ್ಟಿಕೊಂಡು ಈ ರೀತಿಯ ದಾಖಲೆ ಇಟ್ಟರು, ಬಕೆಟ್ಟಿನಲ್ಲಿ ಗಾಳಿಯ ಮಾದರಿಯನ್ನೂ ಹಿಡಿದರು. ಯಾವ ವಾಸನೆ ಯಾವ ಘಟಕದಿಂದ ಬರುತ್ತದೆ ಎಂದು ಅವರಿಗೆ ಹೊತ್ತು, ದಿಕ್ಕು ನೋಡಿಯೇ ಹೇಳಲು ಬರುತ್ತಿತ್ತು. ಎರಡು ವಾರ ಬರೆದರೆ ನಿಮಗೂ ಒಂದು ವಿನ್ಯಾಸ ಕಾಣುತ್ತದೆ. ಯಾವ ಹೊತ್ತಿಗೆ, ಯಾವ ಬೀದಿಯಲ್ಲಿ ಮಾದರಿ ಹಿಡಿಯಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಅದಿಲ್ಲದೆ ಕೊಳವೆ ತೆರೆದರೆ ದುಡ್ಡು ದಂಡ.

ಗಾಳಿಯ ದಿಕ್ಕಿಗೆ ಬಯಲಿನಲ್ಲಿ ಮೂರು ಮೀಟರ್ ಎತ್ತರದ ಬಿದಿರು ನೆಟ್ಟು ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಕೆಳಗೆ ದಿಕ್ಸೂಚಿ ನೋಡಿ ಎಂಟು ದಿಕ್ಕಿನ ಗುರುತು ಮಾಡಿ. ಗಾಳಿ ಎಲ್ಲಿಂದ ಬರುತ್ತದೋ ಆ ದಿಕ್ಕನ್ನು ಬರೆಯುವುದು ರೂಢಿ: ಪಡುಗಾಳಿ ಎಂದರೆ ಪಡುವಣದಿಂದ ಬೀಸುವುದು. ಊದಿನಕಡ್ಡಿ ಹಚ್ಚಿ ಹೊಗೆ ನೋಡುವ ಅಭ್ಯಾಸ ಕೆಲವರಿಗಿದೆ. ಮಾದರಿ ಹಿಡಿಯುವ ಜಾಗದಲ್ಲಿ ಅದು ಬೇಡವೇ ಬೇಡ, ಆ ಹೊಗೆಯಲ್ಲಿ ಬೆಂಜೀನ್ ಇರುತ್ತದೆ. ಬೀಡಿ ಸಿಗರೇಟಿನ ಹೊಗೆಯಲ್ಲಿ, ಥರ್ಮೊಕೋಲ್ ಸುಟ್ಟ ಹೊಗೆಯಲ್ಲಿ ಸ್ಟೈರೀನೇ ಇದೆ. ಊರಿನಲ್ಲಿ ಕಸ ಸುಡುವುದನ್ನು ಈ ತಿಂಗಳಾದರೂ ನಿಲ್ಲಿಸಿ, ಇಲ್ಲವಾದರೆ ಕಾರ್ಖಾನೆಯವರು ನಿಮ್ಮ ಅಂಕಿಯನ್ನು ನಿಮ್ಮ ತಿಪ್ಪೆಯ ಲೆಕ್ಕಕ್ಕೆ ಹಾಕುತ್ತಾರೆ.

ರಾತ್ರಿಯೇ ಏಕೆ ವಾಸನೆ ಎಂಬುದಕ್ಕೆ ಕಾರಣವಿದೆ. ಹಗಲು ನೆಲ ಕಾದು ಗಾಳಿ ಮೇಲೇಳುತ್ತದೆ, ಆವಿ ಚದುರುತ್ತದೆ. ರಾತ್ರಿ ನೆಲ ತಣ್ಣಗಾಗಿ ಗಾಳಿ ಪದರ ಪದರವಾಗಿ ನಿಲ್ಲುತ್ತದೆ, ಸೋರಿದ್ದು ನೆಲದ ಹತ್ತಿರವೇ ಹರಿದು ತಗ್ಗಿನ ಕಡೆ ಬರುತ್ತದೆ. ಸ್ಟೈರೀನ್ ಆವಿ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ. ಟ್ಯಾಂಕಿನ ಹತ್ತಿರ ದಟ್ಟವಾಗಿರುವಾಗ ಇದು ಮುಖ್ಯ, ಮುಕ್ಕಾಲು ಕಿಲೊಮೀಟರ್ ದೂರದಲ್ಲಿ ಗಾಳಿಯ ಓಟವೇ ಮುಖ್ಯ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಸ್ಟೈರೀನ್ ಸೋರಿಕೆಯ ದುರಂತ ನಡೆದದ್ದು 2020ರ ಮೇ 7ರ ಬೆಳಗಿನ ಜಾವ ಮೂರರ ಹೊತ್ತಿಗೆ. ಸೈರನ್ ಕೂಗಲಿಲ್ಲ, ಪಕ್ಕದ ಆರ್.ಆರ್. ವೆಂಕಟಾಪುರದವರು ನಿದ್ದೆಯಲ್ಲಿದ್ದರು, ಹನ್ನೆರಡು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ಟ್ಯಾಂಕಿನಲ್ಲಿ ಉಷ್ಣತೆ ಅಳೆಯುತ್ತಿದ್ದದ್ದು ತಳದಲ್ಲಿ ಮಾತ್ರ. ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತಿದ್ದ ಸ್ಟೈರೀನ್ ಮೇಲಿನ ಪದರದಲ್ಲಿ ಬಿಸಿಯಾಗಿ ತಾನೇ ಪಾಲಿಮರ್ ಆಗತೊಡಗಿತು, ಅದನ್ನು ತಡೆಯುವ ಟಿಬಿಸಿ ಎಂಬ ವಸ್ತು ಸಾಕಷ್ಟು ಇರಲಿಲ್ಲ, ತಳದ ಮಾಪಕಕ್ಕೆ ಮೇಲಿನ ಬಿಸಿ ಕಾಣಲಿಲ್ಲ. ತಪ್ಪು ಜಾಗದಲ್ಲಿಟ್ಟ ಒಂದೇ ಮಾಪಕ ಎಷ್ಟು ನಿರುಪಯೋಗಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಿಮ್ಮ ಊರಿನ ಗಾಳಿಗೂ ಇದೇ ಮಾತು: ಮಧ್ಯಾಹ್ನ ಹನ್ನೆರಡಕ್ಕೆ ಪಂಚಾಯಿತಿ ಕಟ್ಟಡದ ಮುಂದೆ ಅಳೆದರೆ ರಾತ್ರಿ ಮೂರಕ್ಕೆ ಕೆಳಗೇರಿಯಲ್ಲಿ ಏನಿತ್ತು ಎಂದು ತಿಳಿಯುವುದಿಲ್ಲ.

ಇದ್ದಿಲು ಕೊಳವೆಯಲ್ಲಿ ಮಾದರಿ ಹಿಡಿಯುವುದು

ಬೆರಳಿನಷ್ಟು ಉದ್ದದ ಗಾಜಿನ ಕೊಳವೆ, ಒಳಗೆ ತೆಂಗಿನ ಚಿಪ್ಪಿನ ಇದ್ದಿಲು ಎರಡು ಭಾಗವಾಗಿ: ಮುಂದೆ 100 ಮಿಲಿಗ್ರಾಂ, ಹಿಂದೆ 50. ಗಾಳಿಯನ್ನು ಇದರ ಮೂಲಕ ಎಳೆದರೆ ಸ್ಟೈರೀನ್ ಇದ್ದಿಲಿಗೆ ಅಂಟುತ್ತದೆ. ಪ್ರಯೋಗಾಲಯದವರು ಕಾರ್ಬನ್ ಡೈಸಲ್ಫೈಡಿನಲ್ಲಿ ಅದನ್ನು ಬಿಡಿಸಿ ಗ್ಯಾಸ್ ಕ್ರೊಮ್ಯಾಟೊಗ್ರಾಫಿನಲ್ಲಿ ಅಳೆಯುತ್ತಾರೆ. ಎನ್‌ಐಒಎಸ್‌ಎಚ್ 1501 ಎಂಬ, ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ವಿಧಾನ ಇದು. ಸ್ಟೈರೀನನ್ನು ಬೇರೆ ದ್ರಾವಕಗಳಿಂದ ಬೇರ್ಪಡಿಸಿ ಹೇಳುವುದು ಇದರ ಗುಣ, ಯಾವ ಅಗ್ಗದ ಮೀಟರಿಗೂ ಅದು ಬರುವುದಿಲ್ಲ.

ಕೊಳವೆಗಿಂತ ಮೊದಲು ಪ್ರಯೋಗಾಲಯವನ್ನು ಗೊತ್ತುಮಾಡಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬ ಫಲಕ ನೋಡಿ ತೃಪ್ತರಾಗಬೇಡಿ. ಮಾನ್ಯತೆ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ಕುಡಿಯುವ ನೀರಿಗೆ ಇದ್ದದ್ದು ಗಾಳಿಯ ಸ್ಟೈರೀನಿಗೆ ಅನ್ವಯಿಸದು. ಮಾನ್ಯತೆಯ ವ್ಯಾಪ್ತಿಪಟ್ಟಿ ಕೇಳಿ. ಪತ್ತೆಮಿತಿ ಎಷ್ಟು ಮೈಕ್ರೊಗ್ರಾಂ, ಹಿಂಭಾಗದ ಇದ್ದಿಲನ್ನು ಬೇರೆಯಾಗಿ ವರದಿ ಮಾಡುತ್ತಾರೆಯೇ, ಇದ್ದಿಲಿನಿಂದ ಪೂರ್ತಿ ಬಿಡದೆ ಉಳಿಯುವ ಅಂಶಕ್ಕೆ ತಿದ್ದುಪಡಿ ಮಾಡುತ್ತಾರೆಯೇ ಎಂದೂ ಕೇಳಿ. ಕೊಳವೆಗಳನ್ನು ಅವರಿಂದಲೇ, ಒಂದೇ ಬ್ಯಾಚಿನವನ್ನು ತೆಗೆದುಕೊಳ್ಳಿ. ಮಿನಿಟಿಗೆ 200 ಮಿಲಿಲೀಟರ್ ಎಳೆಯುವ ಸಣ್ಣ ಪಂಪನ್ನೂ ಅವರಲ್ಲೇ ಬಾಡಿಗೆಗೆ ಕೇಳಬಹುದು. ಮೀನಿನ ತೊಟ್ಟಿಯ ಪಂಪಿನಿಂದ ಕೆಲಸ ಸಾಗಿಸಲು ಹೋಗಬೇಡಿ: ಅದು ಗಾಳಿಯನ್ನು ಊದುತ್ತದೆಯೇ ಹೊರತು ಎಳೆಯುವುದಿಲ್ಲ, ಅದನ್ನು ತಿರುಗಿಸಿ ಕಟ್ಟಿದರೂ ಕೊಳವೆಯ ತಡೆಗೆ ಅದರ ಹರಿವು ಬೀಳುತ್ತದೆ, ಎಷ್ಟು ಲೀಟರ್ ಎಳೆದೆವು ಎಂಬುದೇ ಗೊತ್ತಾಗುವುದಿಲ್ಲ. ಲೀಟರ್ ಗೊತ್ತಿಲ್ಲದ ಮಾದರಿಗೆ ಬೆಲೆಯಿಲ್ಲ.

ಮಾದರಿ ಹಿಡಿಯುವಾಗ ಗಾಜಿನ ಎರಡೂ ತುದಿಯನ್ನು ಆಗಲೇ ಮುರಿಯಬೇಕು, ತೂತು ಕನಿಷ್ಠ 2 ಮಿಲಿಮೀಟರ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಕೊಳವೆಯ ಮೇಲಿನ ಬಾಣ ಪಂಪಿನ ಕಡೆಗೆ. ಗಾಳಿ ಮೊದಲು ಕೊಳವೆಗೆ, ಆಮೇಲೆ ರಬ್ಬರ್ ನಳಿಗೆ, ಆಮೇಲೆ ಪಂಪಿಗೆ. ಕೊಳವೆಯ ಮುಂದೆ ರಬ್ಬರ್ ನಳಿ ಸಿಕ್ಕಿಸಿದರೆ ಸ್ಟೈರೀನ್ ರಬ್ಬರಿಗೇ ಹಿಡಿದುಕೊಂಡು ಅಂಕಿ ಕಡಿಮೆ ಬರುತ್ತದೆ. ಹೆಚ್ಚು ಕಡೆ ಆಗುವ ತಪ್ಪು ಇದು. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ. ಅಡ್ಡ ಇಟ್ಟರೆ ಇದ್ದಿಲು ಕುಸಿದು ಮೇಲ್ಗಡೆ ದಾರಿ ಬಿಡುತ್ತದೆ, ಗಾಳಿ ಇದ್ದಿಲನ್ನು ಮುಟ್ಟದೆ ಹಾದುಹೋಗುತ್ತದೆ. ಎತ್ತರ ಮನುಷ್ಯನ ಮೂಗಿನ ಮಟ್ಟ, ಸುಮಾರು ಒಂದೂವರೆ ಮೀಟರ್. ಗೋಡೆಯಿಂದ, ಕೊಟ್ಟಿಗೆಯಿಂದ, ವಾಹನದಿಂದ ದೂರ. ಹೊಸದಾಗಿ ಬಣ್ಣ ಹೊಡೆದ ಕಡೆ ಬೇಡ. ಕೊಳವೆಯ ಮೇಲೆ ಮಾರ್ಕರ್ ಪೆನ್ನಿನಿಂದ ಬರೆಯಬೇಡಿ, ಅದರಲ್ಲೂ ದ್ರಾವಕವಿದೆ. ಪೆನ್ಸಿಲಿನಲ್ಲಿ ಚೀಟಿ ಬರೆದು ಕಟ್ಟಿ.

200 ಮಿಲಿಲೀಟರ್ ದರದಲ್ಲಿ 60 ನಿಮಿಷ ಎಳೆದರೆ 12 ಲೀಟರ್. ಹರಿವನ್ನು ಕೊಳವೆ ಸಿಕ್ಕಿಸಿದ ಸ್ಥಿತಿಯಲ್ಲೇ ಮೊದಲೊಮ್ಮೆ, ಕೊನೆಗೊಮ್ಮೆ ರೋಟಾಮೀಟರಿನಲ್ಲಿ ಅಳೆಯಿರಿ. ಎರಡಕ್ಕೂ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಮಾದರಿಯನ್ನು ಬಿಡಿ, ಬಿಟ್ಟದ್ದನ್ನೂ ಪುಸ್ತಕದಲ್ಲಿ ಬರೆಯಿರಿ. ಮುಗಿದ ಕೂಡಲೇ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಿ. ಮಳೆಗಾಲದ ತೇವ ಗಾಳಿಯಲ್ಲಿ ಇದ್ದಿಲಿನ ಹಿಡಿಯುವ ಶಕ್ತಿ ಕುಗ್ಗುತ್ತದೆ, ಆಗ ಹಿಂಭಾಗದ ಇದ್ದಿಲಿನ ಅಂಕಿ ನೋಡಲೇಬೇಕು. ಹಿಂದೆ ಸಿಕ್ಕಿದ್ದು ಮುಂದಿನದರ ಹತ್ತನೇ ಒಂದಕ್ಕಿಂತ ಹೆಚ್ಚಿದ್ದರೆ ಕೊಳವೆ ತುಂಬಿ ಹೊರಗೆ ಹೋಗಿದೆ ಎಂದರ್ಥ. ನಿಜವಾದ ಅಂಕಿ ವರದಿಯಲ್ಲಿರುವುದಕ್ಕಿಂತ ದೊಡ್ಡದು.

ಒಂದು ಕೊಳವೆ ಎಂದಿಗೂ ಒಂಟಿಯಾಗಿ ಹೋಗಬಾರದು. ಒಂದು ಸಲಕ್ಕೆ ಕನಿಷ್ಠ ಮೂರು: ಕಾರ್ಖಾನೆಯಿಂದ ಗಾಳಿ ಬೀಸಿ ಬರುವ ಕಡೆ ವಾಸನೆ ಇರುವ ಜಾಗದಲ್ಲಿ ಒಂದು; ಅದೇ ಹೊತ್ತಿಗೆ ಕಾರ್ಖಾನೆಯ ಆಚೆ, ಗಾಳಿಯ ಮೇಲ್ಗಡೆ (ಗಾಳಿ ಬರುತ್ತಿರುವ ದಿಕ್ಕಿನಲ್ಲಿ) ಒಂದು; ತುದಿ ಮುರಿದು ಗಾಳಿ ಎಳೆಯದೆ ಮುಚ್ಚಿದ ಖಾಲಿ ಕೊಳವೆ ಒಂದು. ಪಂಪ್ ಎರಡು ಬೇಕಾಗುತ್ತದೆ. ಮೇಲ್ಗಡೆಯದು ಇಲ್ಲದಿದ್ದರೆ ಹೆದ್ದಾರಿಯ ಹೊಗೆಯೋ ಕಾರ್ಖಾನೆಯದೋ ಎಂದು ಬೇರ್ಪಡಿಸಲಾಗದು, ಖಾಲಿ ಕೊಳವೆ ಇಲ್ಲದಿದ್ದರೆ ಸಾಗಣೆಯಲ್ಲಿ ಸೇರಿಕೊಂಡದ್ದೋ ಎಂಬ ಅನುಮಾನ ಉಳಿಯುತ್ತದೆ. ಈ ಎರಡನ್ನು ಬಿಟ್ಟು ದುಡ್ಡು ಮಿಗಿಸುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬೇಡ. ಹತ್ತು ಒಂಟಿ ಮಾದರಿಗಿಂತ ಮೂರು ಜೊತೆ ಮಾದರಿ ಮೇಲು.

ಪ್ರಯೋಗಾಲಯದ ಪತ್ತೆಮಿತಿ 1 ಮೈಕ್ರೊಗ್ರಾಂ ಇದ್ದರೆ 12 ಲೀಟರಿನಲ್ಲಿ ನೀವು ಕಾಣಬಲ್ಲ ಮಟ್ಟ ಘನ ಮೀಟರಿಗೆ 83 ಮೈಕ್ರೊಗ್ರಾಂ, ಅಂದರೆ 0.02 ಪಿಪಿಎಂ. ಮೂಗಿನ ಹತ್ತಿರಕ್ಕೆ ಬಂದೆವು. ಎರಡು ಗಂಟೆ ಎಳೆದರೆ ಅದರ ಅರ್ಧ. ಲೆಕ್ಕಕ್ಕೆ ಒಂದು ಉದಾಹರಣೆ: ಕೊಳವೆಯಲ್ಲಿ 31 ಮೈಕ್ರೊಗ್ರಾಂ, ಖಾಲಿಯಲ್ಲಿ 1 ಬಂದರೆ, 30ನ್ನು 12ರಿಂದ ಭಾಗಿಸಿ, ಘನ ಮೀಟರಿಗೆ 2.5 ಮಿಲಿಗ್ರಾಂ, 0.59 ಪಿಪಿಎಂ.

ಇನ್ನೊಂದು ವಿಷಯ ಸರಾಸರಿ. ರಾತ್ರಿ ಹತ್ತು ನಿಮಿಷ 12 ಪಿಪಿಎಂ ಬಂದು ಹೋಯಿತು ಎಂದುಕೊಳ್ಳಿ. ಎಂಟು ಗಂಟೆಯ ಮಾದರಿಯಲ್ಲಿ ಅದು 0.25 ಪಿಪಿಎಂ ಎಂದು ಕಾಣುತ್ತದೆ. 24 ಗಂಟೆಯದಾದರೆ 0.08. ಆದ್ದರಿಂದ ಒಂದು ಗಂಟೆಯ ಮಾದರಿಯೇ ನಿಮಗೆ ಸರಿ, ಅದೂ ವಾಸನೆಯ ಪುಸ್ತಕ ಹೇಳಿದ ಹೊತ್ತಿಗೆ. ಪಂಪ್ ಸಿದ್ಧವಿಟ್ಟುಕೊಂಡು ಇಬ್ಬರು ಸರದಿಯಲ್ಲಿ ಎಚ್ಚರ ಇರಿ. ಪಿಐಡಿ ಬಾಡಿಗೆಗೆ ಸಿಕ್ಕಿದ್ದರೆ ಅದರ ಕೆಲಸ ಇದು: ಅಂಕಿ ಏರಿದ ಕೂಡಲೇ ಕೊಳವೆ ಮುರಿಯಲು ಸೂಚನೆ. ದಿನವೂ ಇದ್ದಿಲಿನಲ್ಲಿ ಸೋಸಿದ ಗಾಳಿಗೆ ಸೊನ್ನೆ ಮಾಡಿ, 100 ಪಿಪಿಎಂ ಐಸೊಬ್ಯುಟಿಲೀನ್ ಸಿಲಿಂಡರಿನಿಂದ ಪರೀಕ್ಷಿಸಿ. ತೇವ ಹೆಚ್ಚಿದ್ದಾಗ ಅದು ಕಡಿಮೆ ತೋರಿಸುತ್ತದೆ. ದೀಪದ ಮೇಲೆ ಧೂಳು ಕೂತು ಅದಕ್ಕೆ ತೇವ ಸೇರಿದರೆ ಏನೂ ಇಲ್ಲದೆಯೂ ಅಂಕಿ ನಿಧಾನವಾಗಿ ಏರುತ್ತ ಹೋಗುತ್ತದೆ. ಇನ್ನು ಆನ್‌ಲೈನಿನಲ್ಲಿ ಸಿಗುವ ಎರಡು ಮೂರು ಸಾವಿರದ ‘ಟಿವಿಒಸಿ’ (ಎಲ್ಲ ಆವಿಗಳ ಒಟ್ಟು ಅಂಕಿ) ಡಬ್ಬಿಗಳು ಒಗ್ಗರಣೆಗೂ ಹೌಹಾರುತ್ತವೆ, ಅಗರಬತ್ತಿಗೂ. ಅವುಗಳ ಅಂಕಿಯನ್ನು ದೂರಿನಲ್ಲಿ ಬರೆದರೆ ಉಳಿದ ಒಳ್ಳೆಯ ಸಾಕ್ಷ್ಯಕ್ಕೂ ಕುಂದು.

ಸೋರಿದ್ದು ಏನು ಎಂದೇ ಗೊತ್ತಿಲ್ಲದಿದ್ದಾಗ ಬೇರೆ ದಾರಿ. ಒಳಗೆ ನಿರ್ವಾತ ಮಾಡಿದ 6 ಲೀಟರಿನ ಸ್ಟೀಲ್ ಕ್ಯಾನಿಸ್ಟರಿನ ಕೀಲಿ ತಿರುಗಿಸಿದರೆ ಗಾಳಿ ತಾನೇ ಒಳಗೆ ಬರುತ್ತದೆ. ಟಿಒ-15 ಎಂಬ ವಿಧಾನದಲ್ಲಿ ಹತ್ತಾರು ಆವಿಗಳನ್ನು ಒಂದೇ ಸಲ ಗುರುತಿಸಬಹುದು, ತಿಂಗಳವರೆಗೆ ಇಡಬಹುದು. ಮಾಡುವ ಪ್ರಯೋಗಾಲಯ ಕಡಿಮೆ, ಶುಲ್ಕ ಹೆಚ್ಚು. ಅಮೆರಿಕದಲ್ಲಿ 1990ರ ದಶಕದಲ್ಲಿ ಹುಟ್ಟಿದ ‘ಬಕೆಟ್’ ವಿಧಾನದಲ್ಲಿ ಗಾಳಿಯಾಡದ ಮುಚ್ಚಳದ ಸುಮಾರು 20 ಲೀಟರಿನ ಬಕೆಟ್ಟಿನೊಳಗೆ ಟೆಡ್ಲಾರ್ ಎಂಬ ಪ್ಲಾಸ್ಟಿಕ್ಕಿನ ಚೀಲ ಇಟ್ಟು, ಚೀಲದ ಬಾಯನ್ನು ಟೆಫ್ಲಾನ್ ನಳಿಯಿಂದ ಹೊರಗೆ ತಂದು, ಬಕೆಟ್ಟಿನ ಗಾಳಿಯನ್ನು ಪಂಪಿನಿಂದ ಹೊರಗೆಳೆಯುತ್ತಾರೆ. ಆಗ ಚೀಲ ಉಬ್ಬಿ ಹೊರಗಾಳಿಯನ್ನು ಸೆಳೆದುಕೊಳ್ಳುತ್ತದೆ, ಮಾದರಿ ಪಂಪನ್ನು ಮುಟ್ಟುವುದೇ ಇಲ್ಲ. ಚೀಲವನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಬಿಸಿಲಿಗೆ ಇಡಬೇಡಿ, ಒಂದೆರಡು ದಿನದೊಳಗೆ ಮುಟ್ಟಿಸಿ. ಟೆಡ್ಲಾರ್ ತಾನೇ ಫೀನಾಲ್ ಬಿಡುತ್ತದೆ, ವರದಿಯಲ್ಲಿ ಅದು ಕಂಡರೆ ಕಾರ್ಖಾನೆಯ ತಲೆಗೆ ಕಟ್ಟಬೇಡಿ. ಕ್ಲೋರಿನ್, ಅಮೋನಿಯಾ, ಆಮ್ಲದ ಆವಿಗಳಿಗೆ ಇದ್ದಿಲು ಕೊಳವೆಯೂ ಚೀಲವೂ ಬರುವುದಿಲ್ಲ; ಬಣ್ಣ ಬದಲಾಗುವ ಪತ್ತೆ ಕೊಳವೆ ಅಥವಾ ಆಯಾ ಅನಿಲದ್ದೇ ಸಂವೇದಕ ಬೇಕು. ಸಾಮಾನ್ಯ ಪಿಐಡಿ ದೀಪಕ್ಕೆ ಕ್ಲೋರಿನ್, ಸಲ್ಫರ್ ಡೈಆಕ್ಸೈಡ್, ಫಾರ್ಮಾಲ್ಡಿಹೈಡ್, ಮೀಥಿಲೀನ್ ಕ್ಲೋರೈಡ್ ಕಾಣುವುದೇ ಇಲ್ಲ.

ಮುಂದೊಮ್ಮೆ ದೊಡ್ಡ ಸೋರಿಕೆ ಆದರೆ ಮಾದರಿ ಹಿಡಿಯಲು ಓಡಬೇಡಿ. ಗಾಳಿಗೆ ಅಡ್ಡವಾಗಿ ಪಕ್ಕಕ್ಕೆ ಸರಿದು ಹೊರಗೆ ಹೋಗಿ, 112ಕ್ಕೆ ಕರೆ ಮಾಡಿ. ಎನ್95 ಮಾಸ್ಕ್ ಧೂಳಿಗೆ, ಆವಿಗೆ ಅಲ್ಲ. ಸ್ಟೈರೀನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಒದ್ದೆ ಬಟ್ಟೆಯಿಂದ ಪ್ರಯೋಜನ ಇಲ್ಲ. ಅಂಥ ಹೊತ್ತಿನಲ್ಲಿ ಗಾಳಿಗಿಂತ ಮೈ ಒಳ್ಳೆಯ ಸಾಕ್ಷಿ: ಸ್ಟೈರೀನ್ ದೇಹದಲ್ಲಿ ಮ್ಯಾಂಡೆಲಿಕ್ ಆಮ್ಲವಾಗಿ ಮೂತ್ರದಲ್ಲಿ ಹೋಗುತ್ತದೆ. ಒಂದು ದಿನದೊಳಗೆ ಮೂತ್ರ ಸಂಗ್ರಹಿಸಿ, ಅದರ ಪರೀಕ್ಷೆ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಎರಡು ವಾರದ ಹಿಂದಿನದಕ್ಕೆ ಈಗ ಈ ಪರೀಕ್ಷೆ ಉಪಯೋಗವಿಲ್ಲ.

ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು? ವಾಸನೆಗೆ 70 ಮೈಕ್ರೊಗ್ರಾಂ, ಅರ್ಧ ಗಂಟೆ. ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ 260 ಮೈಕ್ರೊಗ್ರಾಂ, ಒಂದು ವಾರದ ಸರಾಸರಿ. ಅಪಘಾತದ ಹೊತ್ತಿಗೆ ಅಮೆರಿಕದಲ್ಲಿ ಬಳಸುವ ಎಇಜಿಎಲ್ ಎಂಬ ತುರ್ತು ಮಟ್ಟಗಳಿವೆ: ಅಸ್ವಸ್ಥತೆ ಶುರುವಾಗುವುದು 20 ಪಿಪಿಎಂ, ತಪ್ಪಿಸಿಕೊಳ್ಳುವ ಶಕ್ತಿ ಕುಂದುವುದು ಒಂದು ಗಂಟೆಗೆ 130, ಜೀವಾಪಾಯ 1,100. ಒಂದು ಗಂಟೆಯ 2.5 ಮಿಲಿಗ್ರಾಮನ್ನು ವಾರದ 260 ಮೈಕ್ರೊಗ್ರಾಮಿಗೆ ಹೋಲಿಸಿ ‘ಹತ್ತು ಪಟ್ಟು’ ಎಂದು ಬರೆದರೆ ತಪ್ಪು. ಹಾಗೆ ಹೇಳಲು ವಾರದುದ್ದದ ಮಾದರಿ ಬೇಕು. ಅದಕ್ಕೆ ಪಂಪಿಲ್ಲದ, ಅಂಗಿಗೆ ಸಿಕ್ಕಿಸುವಂಥ ಇದ್ದಿಲು ಬ್ಯಾಡ್ಜನ್ನು ಬಿಸಿಲು ಮಳೆ ತಾಗದಂತೆ ನೇತುಹಾಕಬಹುದು. ಹಾಗೆಯೇ ಕಾರ್ಖಾನೆಯವರು ಕಾರ್ಮಿಕರ ಎಂಟು ಗಂಟೆಯ ಮಿತಿಯನ್ನು ತೋರಿಸಿದರೆ ಒಪ್ಪಬೇಡಿ. ಅಮೆರಿಕದ ಒಎಸ್‌ಎಚ್‌ಎ ಎಂಬ ಕಾರ್ಮಿಕ ಸುರಕ್ಷತಾ ಸಂಸ್ಥೆಯ ಮಿತಿ 100 ಪಿಪಿಎಂ ಇದೆ, ಅದು ದುಡಿಯುವ ವಯಸ್ಸಿನ ಆರೋಗ್ಯವಂತರ ಪಾಳಿಗೆ. ತೊಟ್ಟಿಲಲ್ಲಿ ಮಲಗಿದ ಮಗುವಿನ 24 ಗಂಟೆಗೆ ಅಲ್ಲ.

ಯಾರಾದರೂ ಒಪ್ಪುತ್ತಾರೆಯೇ ಎಂದು ಕೇಳಿದ್ದೀರಿ. 1981ರ ವಾಯು ಕಾಯ್ದೆಯ 26ನೇ ಕಲಮಿನ ಪ್ರಕಾರ ಚಿಮಣಿಯಿಂದ ಮಾದರಿ ತೆಗೆದು ನ್ಯಾಯಾಲಯದಲ್ಲಿ ಇಡುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಯದು. ಆದರೆ ಊರಿನ ಗಾಳಿಯ ನಿಮ್ಮ ಅಂಕಿ ಹಿಡಿದು ಮಂಡಳಿಯನ್ನು ರಾತ್ರಿ ಹೊತ್ತು, ಗಾಳಿಯ ಕೆಳಗಡೆ, ಒಂದು ಗಂಟೆಯ ಜಂಟಿ ಮಾದರಿಗೆ ಒತ್ತಾಯಿಸಬಹುದು. ಪಂಪಿನ ಹರಿವಿನ ದಾಖಲೆ, ಖಾಲಿ ಕೊಳವೆಯ ಅಂಕಿ, ಕೈಯಿಂದ ಕೈಗೆ ಹೋದ ಸಹಿಗಳ ಚೀಟಿ ಇದ್ದರೆ ಅಧಿಕಾರಿಗೆ ತಳ್ಳಿಹಾಕುವುದು ಸುಲಭವಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾಕ್ಷ್ಯ ಕಾಯ್ದೆಯ ಕಟ್ಟುಗಳಿಗೆ ಒಳಪಟ್ಟಿಲ್ಲ. ಕರ್ನಾಟಕಕ್ಕೆ ಅದರ ಚೆನ್ನೈ ಪೀಠ. ಪರಿಸರ ವಿವಾದದ ಅರ್ಜಿಗೆ ಆರು ತಿಂಗಳ ಅವಧಿ, ಪರಿಹಾರದ ಅರ್ಜಿಗೆ ಐದು ವರ್ಷ. ಎರಡು ವಾರ ಈಗಾಗಲೇ ಕಳೆದಿದೆ.

ಈ ವಾರವೇ ಎರಡು ಅರ್ಜಿ ಹಾಕಿ. ಒಂದು, 1996ರ ರಾಸಾಯನಿಕ ಅಪಘಾತ ನಿಯಮಗಳ ಅಡಿಯ ಜಿಲ್ಲಾ ಬಿಕ್ಕಟ್ಟು ಗುಂಪಿಗೆ, ಜಿಲ್ಲಾಧಿಕಾರಿಗಳ ಮೂಲಕ: ಆ ರಾತ್ರಿ ಎಷ್ಟು ಸೋರಿತು, ಟ್ಯಾಂಕಿನ ಉಷ್ಣತೆ ಎಲ್ಲೆಲ್ಲಿ ಅಳೆಯುತ್ತಾರೆ, ಟಿಬಿಸಿ ಎಷ್ಟಿತ್ತು, ಕಾರ್ಖಾನೆಯ ಹೊರಗಿನ ತುರ್ತು ಯೋಜನೆಯಲ್ಲಿ ನಮ್ಮ ಊರು ಇದೆಯೇ. ಇನ್ನೊಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಹಕ್ಕಿನಡಿ: ಮರುದಿನ ತಂದ ಮೀಟರಿನ ಮಾಡೆಲ್, ಅದನ್ನು ಕೊನೆಯ ಸಲ ಹೊಂದಿಸಿದ ತಾರೀಖು, ಪತ್ತೆಮಿತಿ, ಅಳೆದ ಜಾಗ ಮತ್ತು ಹೊತ್ತು, ಕಾರ್ಖಾನೆಯ ಸಮ್ಮತಿ ಪತ್ರದ ಪ್ರತಿ. ಜೀವಕ್ಕೆ ಸಂಬಂಧಪಟ್ಟ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದು ಆ ಕಾಯ್ದೆಯ 7(1)ನೇ ಕಲಮಿನಲ್ಲಿದೆ. ಅರ್ಜಿಯ ತಲೆಯಲ್ಲೇ ಆ ಕಲಮನ್ನು ಬರೆದು, ಮಕ್ಕಳ ಆಸ್ಪತ್ರೆ ಚೀಟಿಯ ನಕಲನ್ನು ಲಗತ್ತಿಸಿ.